ತೂತು ನಿಮ್ಮದು, ಕೊಳೆತ ಮೇವು ನಮ್ಮದು

ಹಾಲು ಕುಡಿಯುವ, ಹಾಲು ಕರೆಯುವ, ಹಾಲಿಗೆ ನೀರು ಬೆರೆಸುವ ಸಮಸ್ತ ಮಹಾಜನರೇ! ಮುಂದಿನ ಸಾಲಿನವರು ಕೂತುಕೊಳ್ಳಿ. ಹಿಂದೆ ನಿಂತವರು ಕಿವಿ ನೆಟ್ಟಗೆ ಮಾಡಿಕೊಳ್ಳಿ. ಬಾಯಲ್ಲಿ ತುತ್ತು ಇಟ್ಟುಕೊಂಡವರು ಈಗಲೇ ನುಂಗಿಬಿಡಿ, ಆಮೇಲೆ ಅದು ಗಂಟಲಲ್ಲಿ ಇಳಿಯುವುದಿಲ್ಲ. ಈ ಪತ್ರ ನಿಮಗೆ ಬರೆದದ್ದಲ್ಲ. ಮೇವಿನ ಗುಣಮಟ್ಟ ಪರಿವೀಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ ಬರೆದದ್ದು. ಆದರೆ ಅವರಿಗೆ ಲಕೋಟೆಯಲ್ಲಿ ಹಾಕಿ ಕಳಿಸಿದ್ದೆಲ್ಲ ಲಕೋಟೆಯಲ್ಲೇ ಉಳಿಯುತ್ತದೆ ಎಂಬುದು ಅನುಭವದಿಂದ ಗೊತ್ತಾಗಿದೆ. ಆದ್ದರಿಂದ ಪರದೆ ಎತ್ತಿ, ದೀಪ ಹಚ್ಚಿ, ನಿಮ್ಮೆಲ್ಲರ ಸಮಕ್ಷಮದಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಮಾನ್ಯ ಮುಖ್ಯಾಧಿಕಾರಿಗಳೇ, ನಮ್ಮ ಗುಂಡಿಯ ಮೇವನ್ನು ಕೊಳೆಸಿದ್ದು ಮಳೆಯಲ್ಲ, ಇಲಿಯಲ್ಲ, ನಮ್ಮ ಸೋಮಾರಿತನವೂ ಅಲ್ಲ. ಅದನ್ನು ಕೊಳೆಸಿದ್ದು ನಿಮ್ಮ ಪರೀಕ್ಷೆ. ಮೇವು ಚೆನ್ನಾಗಿದೆಯೇ ಎಂದು ನೋಡಲು ಬಂದವರು ಅದನ್ನು ಕೆಡಿಸಿ, ಕೆಟ್ಟದ್ದನ್ನು ಕೊಡವಿ, ಒಳಗಿನ ಒಳ್ಳೆಯದನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ‘ಉತ್ತಮ’ ಎಂದು ಬರೆದು ಕಳಿಸಿದರು. ಆ ‘ಉತ್ತಮ’ವನ್ನು ತಿಂದು ನಮ್ಮ ಗಬ್ಬದ ಹಸು ಕಂದು ಹಾಕಿತು. ನಾನು ರಂಗದ ಮೇಲೆ ರಾಜರ ಪಾತ್ರ ಮಾಡಿ ಗಂಟಲು ಹರಿದುಕೊಂಡವನು, ಕ್ರೂರ ಮಂತ್ರಿಗಳನ್ನೂ ಕಪಟ ಸನ್ಯಾಸಿಗಳನ್ನೂ ಹತ್ತಿರದಿಂದ ಬಲ್ಲೆ. ಅವರಲ್ಲಿ ಒಬ್ಬನೂ ಇಷ್ಟು ಸೊಗಸಾಗಿ ವಿಷ ಬಡಿಸಿರಲಿಲ್ಲ. ಅವರಿಗೆ ಕನಿಷ್ಠ ತಾವು ಬಡಿಸುತ್ತಿರುವುದು ವಿಷ ಎಂದಾದರೂ ಗೊತ್ತಿತ್ತು.

ಸಭಿಕರಲ್ಲಿ ಕೊಟ್ಟಿಗೆ ಕಾಣದವರಿದ್ದರೆ ಒಂದು ಮಾತು. ಮೆಕ್ಕೆಜೋಳದ ಕಾಳು ಉಗುರಿಗೆ ಹಾಲೂ ಅಲ್ಲ, ಕಲ್ಲೂ ಅಲ್ಲ ಎಂಬ ಹದಕ್ಕೆ ಬಂದಾಗ ಗಿಡವನ್ನು ತೆನೆ ಸಮೇತ ಕೊಯ್ದು, ಯಂತ್ರಕ್ಕೆ ಕೊಟ್ಟು ಸಣ್ಣಗೆ ಕತ್ತರಿಸಿ, ಗುಂಡಿಗೆ ತುಂಬಿ, ಟ್ರ್ಯಾಕ್ಟರು ಹತ್ತಿಸಿ ತುಳಿಸುತ್ತೇವೆ. ತುಳಿಸುವುದು ಗಾಳಿ ಹೊರಗೆ ಹೋಗಲಿ ಎಂದು. ಆಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಮೇಲೆ ಹಳೇ ಟೈರು ಹೇರಿ, ಅಂಚಿಗೆ ಮಣ್ಣು ಮೆತ್ತಿ ಬಿಟ್ಟರೆ ಒಳಗೇ ಹದವಾಗಿ ಹುಳಿ ಬರುತ್ತದೆ. ಆ ಹುಳಿಯೇ ಅದನ್ನು ಕಾಯುತ್ತದೆ. ಉಸಿರು ಕಟ್ಟಿದರೆ ಬದುಕುವ, ಉಸಿರು ಬಿಟ್ಟರೆ ಸಾಯುವ ವಸ್ತು ಲೋಕದಲ್ಲಿ ಬೇರೆ ಇದ್ದರೆ ತೋರಿಸಿ. ಚೆನ್ನಾಗಿ ಬಂದ ಮೇವು ತಿಳಿ ಹಳದಿ ಬಣ್ಣಕ್ಕಿರುತ್ತದೆ. ಮೂಗಿನ ಹತ್ತಿರ ಹಿಡಿದರೆ ಮಾಗಿದ ಹುಳಿಹಣ್ಣಿನ ವಾಸನೆ ಬರುತ್ತದೆ, ಕೈಯಲ್ಲಿ ಹಿಂಡಿ ಬಿಟ್ಟರೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ನಮ್ಮದು ಹಾಗೇ ಬಂದಿತ್ತು. ನಮ್ಮದು ಎಂದರೆ ನನ್ನದು ಮತ್ತು ನಮ್ಮ ಅತ್ತಿಗೆಯದು. ಅಣ್ಣ ಹಾಲಿನ ವ್ಯಾನು ಓಡಿಸುತ್ತಾನೆ, ದನಗಳ ಮುಖ ನೋಡುವುದಕ್ಕೂ ಅವನಿಗೆ ಪುರುಸೊತ್ತಿಲ್ಲ. ಕೊಟ್ಟಿಗೆಯ ಸಿಂಹಾಸನ ಅತ್ತಿಗೆಯದು, ಸಗಣಿ ಬಾಚುವ ಸೇನಾಪತಿ ನಾನು.

ಇನ್ನು ನಿಮ್ಮ ಪ್ರತಿನಿಧಿಯ ಪ್ರವೇಶ. ಕಚೇರಿಯ ಜೀಪು, ಮೊಣಕಾಲುದ್ದದ ಬೂಟು, ಭುಜದ ಮೇಲೆ ಉಕ್ಕಿನ ಟೊಳ್ಳು ಕೋಲು, ಆ ಕೋಲಿನ ತುದಿಗೆ ಗರಗಸದ ಹಲ್ಲು. ನಮ್ಮ ಬೀದಿಯವರು ಅವರಿಗೆ ಕೋಲುಸಾಹೇಬರು ಎಂದು ನಾಮಕರಣ ಮಾಡಿದ್ದಾರೆ. ಮನುಷ್ಯ ಕೆಟ್ಟವರಲ್ಲ, ಕೊಟ್ಟ ಕಾಫಿಯನ್ನು ಕುಡಿದು ಲೋಟ ತೊಳೆದಿಡುವಷ್ಟು ಒಳ್ಳೆಯವರು. ಅವರು ಗುಂಡಿ ಹತ್ತಿ, ಹೊದಿಕೆಯ ಮೇಲೆ ಅಲ್ಲಲ್ಲಿ ಕೋಲು ಊರಿ, ತಿರುಪಿ ತಿರುಪಿ ಇಳಿಸಿ, ಒಳಗಿನ ಮೇವು ತೆಗೆದು ಚೀಲಕ್ಕೆ ತುಂಬಿಕೊಂಡರು. ಕೋಲು ಎದ್ದ ಕಡೆಯೆಲ್ಲ ಹೆಬ್ಬೆರಳು ತೂರುವಂಥ ತೂತು. ಅತ್ತಿಗೆ ಆಗಲೇ ಅಗಲದ ಟೇಪು ಹಿಡಿದು ಕೆಳಗೆ ನಿಂತಿದ್ದರು.

“ಸಾರ್, ನೀವು ಇಳೀತಿದ್ದಂಗೇ ಟೇಪು ಹಾಕ್ಬಿಡ್ಲಾ?”

“ಅಯ್ಯೋ ಬೇಡಮ್ಮ! ಅದು ಪರೀಕ್ಷಾ ಬಿಂದು. ಮುಂದಿನ ಸಲಾನೂ ಇಲ್ಲೇ ತೆಗೀಬೇಕು. ಜಾಗ ಬದಲಾದ್ರೆ ಹೋಲಿಕೆ ತಪ್ಪಿಹೋಗತ್ತೆ.”

“ಆಗ ಟೇಪು ಕಿತ್ತು ತೆಗೀರಿ. ಯಾರು ಬೇಡ ಅಂದ್ರು?”

“ಟೇಪಿನ ಅಂಟು ಮಾದರಿಗೆ ಸೇರ್ಕೊಳತ್ತೆ. ಫಲಿತಾಂಶ ಕೆಡತ್ತೆ.”

“ಅಲ್ಲಾ ಸಾರ್, ಗಾಳಿ ಹೋಗಿ ಮೇವು ಕೆಟ್ರೆ?”

“ಕೆಟ್ರೆ ಫಲಿತಾಂಶದಲ್ಲಿ ಗೊತ್ತಾಗತ್ತಲ್ಲಮ್ಮ! ಅದಕ್ಕೇ ತಾನೆ ಪರೀಕ್ಷೆ ಇರೋದು?”

ಚಪ್ಪಾಳೆ ತಟ್ಟಿ, ಮಹಾಜನರೇ! ಇಂಥ ಸಂಭಾಷಣೆ ಬರೆಯುವ ಕವಿ ನಮ್ಮ ನಾಟಕ ಮಂಡಳಿಗೆ ಒಬ್ಬನೂ ಸಿಕ್ಕಿರಲಿಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ. ಪ್ರತಿ ತೂತಿನ ಪಕ್ಕದಲ್ಲೂ ಹಳದಿ ತಗಡು ನಿಲ್ಲಿಸಿದರು. ಅದರ ಮೇಲೆ ‘ಪರೀಕ್ಷಾ ಬಿಂದು. ಮುಟ್ಟಬಾರದು’ ಎಂಬ ಬರಹ. ತಗಡು ನಿಲ್ಲಿಸಲು ಹೊದಿಕೆಗೆ ಒಂದು ಮೊಳೆ, ಆ ಮೊಳೆಗೆ ಇನ್ನೊಂದು ತೂತು! ತೂತು ಮುಚ್ಚಬೇಡಿ ಎಂದು ಯಾರೋ ದಾರಿಹೋಕ ಹೇಳಿದ್ದರೆ ನಾವು ಕೇಳುತ್ತಿದ್ದೆವೇ? ಮಾತು ಮುಗಿಯುವ ಮೊದಲೇ ಟೇಪು ಅಂಟಿಸಿ, ಅವನ ಬಾಯಿಗೂ ಒಂದು ತುಂಡು ಅಂಟಿಸುತ್ತಿದ್ದೆವು. ಆದರೆ ಬರಹವಿರುವ ತಗಡು ಎಂದರೆ ನಮ್ಮ ಜನಕ್ಕೆ ಭಯವೂ ಹೌದು, ಗೌರವವೂ ಹೌದು. ತಗಡು ಮರೆಯಾಗಬಾರದೆಂದು ಟೈರುಗಳನ್ನು ಆಚೆ ಸರಿಸಿಟ್ಟೆವು. ಕರುಗಳು ಹತ್ತಿ ಬೀಳಿಸಬಾರದೆಂದು ಸುತ್ತ ಹಗ್ಗ ಕಟ್ಟಿದೆವು. ಬಂದ ನೆಂಟರಿಗೆ “ನಮ್ಮ ಗುಂಡಿ ಕಚೇರಿಯವರ ಕಣ್ಗಾವಲಲ್ಲಿದೆ” ಎಂದು ಬೀಗಿದೆವು. ಕಳ್ಳನಿಗೆ ಬಾಗಿಲು ತೆರೆದಿಟ್ಟು, ಬಾಗಿಲಿಗೆ ಕಾವಲೂ ಕೂತ ಮಹಾನುಭಾವರು ನಾವು.

ಎರಡನೇ ಅಂಕ. ಸಾಹೇಬರು ಮತ್ತೆ ಬಂದರು, ಅದೇ ತೂತುಗಳಿಗೆ ಅದೇ ಕೋಲು ಇಳಿಸಿದರು. ಈ ಸಲ ಕೋಲಿನಲ್ಲಿ ಮೇಲೆ ಬಂದದ್ದನ್ನು ವರ್ಣಿಸುತ್ತೇನೆ, ಅದಕ್ಕೇ ಮೊದಲೇ ತುತ್ತು ನುಂಗಿಸಿದ್ದು. ಮೊದಲ ಗೇಣು ಕಪ್ಪಗೆ ಲೋಳೆಲೋಳೆಯಾಗಿ, ಅದರ ಮೇಲೆ ಬಿಳೀ ಬೂಷ್ಟು ಬೆಕ್ಕಿನ ಕೂದಲಿನಂತೆ ಎದ್ದು ನಿಂತಿತ್ತು. ವಾಸನೆ? ಒದ್ದೆ ಕಾಲುಚೀಲವನ್ನು ಸತ್ತ ಇಲಿಯ ಜೊತೆ ಮೂಟೆ ಕಟ್ಟಿ ಬಿಸಿಲಿಗಿಟ್ಟರೆ ಬರುವಂಥದ್ದು. ಅತ್ತಿಗೆ ಮೂಗು ಮುಚ್ಚಿಕೊಂಡರು. ಸಾಹೇಬರು ಕೋಲನ್ನು ಬೂಟಿಗೆ ಎರಡು ಸಲ ಬಡಿದು, ಆ ಮೊದಲ ಗೇಣನ್ನು ಅಲ್ಲೇ ಉದುರಿಸಿ, ಕೆಳಗಿನ ಒಳ್ಳೇ ಮೇವನ್ನು ಮಾತ್ರ ಚೀಲಕ್ಕೆ ಹಾಕಿಕೊಂಡರು.

“ಸಾರ್, ಉದುರಿಸಿದ್ರಲ್ಲ, ಅದು?”

“ಅದು ಮೇಲ್ಪದರಮ್ಮ. ಗಾಳಿ ತಾಗಿರತ್ತೆ. ಲೆಕ್ಕಕ್ಕೆ ತಗೊಳೋ ಹಾಗಿಲ್ಲ.”

“ನೀವು ತಗೊಳಲ್ಲ ಸರಿ. ಹಸು ತಗೊಳತ್ತಲ್ಲ? ಅದಕ್ಕೇನು ನಿಮ್ಮ ಥರ ಕೋಲಿದ್ಯಾ, ಇರೋದು ನಾಲಗೆ.”

“ಹಾಕುವಾಗ ನೀವೇ ಕೆಟ್ಟದ್ದು ತೆಗೆದು ಹಾಕಿ.”

“ಮುಟ್ಟಬಾರದು ಅಂತ ನೀವೇ ತಗಡು ಹೊಡೆದಿದ್ದೀರಿ!”

“ಬಿಂದು ಬಿಟ್ಟು ಸುತ್ತಲೂ ತೆಗೀರಿ.”

ಅತ್ತಿಗೆ ನನ್ನ ಕಡೆ ತಿರುಗಿ, “ನೋಡಪ್ಪಾ, ಒಡೆದ ಗಡಿಗೆ ಕೊಟ್ಟು ನೀರು ತಾ, ಆದ್ರೆ ತೂತಿಗೆ ಬೆರಳಿಡಬೇಡ ಅಂತಿದ್ದಾರೆ” ಎಂದರು. ಸಾಹೇಬರು ನಕ್ಕರು. ಅವರಿಗೂ ಅದು ಚೆನ್ನಾದ ಮಾತೆನಿಸಿರಬೇಕು. ಕೆಲವು ದಿನಕ್ಕೆ ವರದಿ ಬಂತು: ‘ಗುಣಮಟ್ಟ ಉತ್ತಮ. ಹಸುಗಳಿಗೆ ನಿರಾತಂಕವಾಗಿ ಬಳಸಬಹುದು.’ ನಿರಾತಂಕವಾಗಿ! ಆ ಪದ ಬರೆದ ಕೈ ಯಾರದೋ, ಅದನ್ನು ನಮ್ಮ ಗೋದಲಿಯಲ್ಲಿ ಒಮ್ಮೆ ಅದ್ದಿಸಬೇಕೆಂದು ನನಗೆ ಆಸೆ.

ನಾವು ಮೇವು ಕಡಿಯುವುದು ಗುಂಡಿಯ ಬಾಯಿ ಕಡೆಯಿಂದ, ಗೋಡೆ ಕೊರೆದ ಹಾಗೆ ನೇರವಾಗಿ, ದಿನಕ್ಕೆ ಇಷ್ಟು ಎಂದು. ಹಾಗೆ ಕಡಿಯುತ್ತಾ ಮೊದಲ ಬಿಂದುವಿನ ಬಳಿ ಬಂದಾಗ ನಿಜವಾದ ಚಿತ್ರ ಕಂಡಿತು. ತೂತಿನಿಂದ ಕೆಳಕ್ಕೆ ಲಾಳಿಕೆಯ ಆಕಾರದಲ್ಲಿ ಕೊಳೆತ ಇಳಿದಿತ್ತು. ನಡುವೆ ಕರೀ ಲೋಳೆ, ಅಂಚಿಗೆ ಬೂಷ್ಟು, ಅದರಾಚೆ ಕಣ್ಣಿಗೆ ಒಳ್ಳೆಯದರಂತೆ ಕಂಡರೂ ಮುಟ್ಟಿದರೆ ಬಿಸಿಯಾದ ಮೇವು. ಕಂಡದ್ದನ್ನು ಬಾಚಿ ಎಸೆದೆವು. ಕಾಣದ್ದು ಬುಟ್ಟಿಗೆ ಬಂತು, ಬುಟ್ಟಿಯಿಂದ ಗೋದಲಿಗೆ ಬಂತು. ಅನುಮಾನ ಬಂದಾಗಲೆಲ್ಲ ಕೊಟ್ಟಿಗೆಯ ಗೋಡೆಗೆ ಅಂಟಿಸಿದ ವರದಿಯ ‘ಉತ್ತಮ’ ನೋಡಿ ಸಮಾಧಾನ ಮಾಡಿಕೊಂಡೆವು. ಸೊಟ್ಟಕೊಂಬಿ ಎಂಬ ನಮ್ಮ ಹಿರಿಯ ಹಸು ಒಂದೆರಡು ಸಲ ಮೂಸಿ ಮುಖ ತಿರುಗಿಸಿತ್ತು. “ಗಬ್ಬದಲ್ಲಿರೋಳಿಗೆ ನಖರಾ ಜಾಸ್ತಿ” ಎಂದು ಅತ್ತಿಗೆ ಅದರ ಗಂಗೆದೊಗಲು ಸವರಿ ತಿನ್ನಿಸಿದರು. ಕಚೇರಿಯ ಮಾತಿನ ಮುಂದೆ ಹಸುವಿನ ಮೂಗಿನ ಸಾಕ್ಷಿ ಯಾವ ನ್ಯಾಯಾಲಯದಲ್ಲಿ ನಿಲ್ಲುತ್ತದೆ, ಹೇಳಿ?

ಒಂದು ದಿನ ಮಧ್ಯಾಹ್ನ ಸೊಟ್ಟಕೊಂಬಿ ಹಿಂದಕ್ಕೂ ಮುಂದಕ್ಕೂ ಒದ್ದಾಡಿ ಕಂದು ಹಾಕಿತು. ತಿಂಗಳು ಇನ್ನೂ ತುಂಬಿರಲಿಲ್ಲ. ಕರುವಿಗೆ ಕಿವಿ ಮೂಡಿತ್ತು, ಗೊರಸು ಮೂಡಿತ್ತು, ಹಣೆಯ ಮೇಲೆ ತಾಯಿಗಿದ್ದಂಥದೇ ಬಿಳೀ ಮಚ್ಚೆ ಮೂಡಿತ್ತು. ಉಸಿರೊಂದು ಇರಲಿಲ್ಲ. ಅತ್ತಿಗೆ ಹಳೇ ಟವೆಲ್ಲಿನಿಂದ ಅದರ ಮೂಗು ಬಾಯಿ ಒರೆಸುತ್ತಲೇ ಇದ್ದರು, ಒರೆಸಿದರೆ ಎದ್ದುಬಿಡುತ್ತದೆ ಎಂಬಂತೆ. ಸೊಟ್ಟಕೊಂಬಿ ಅವರ ಕೈಯನ್ನೂ ಕರುವನ್ನೂ ಒಟ್ಟಿಗೆ ನೆಕ್ಕುತ್ತಿತ್ತು. ಸಾವಿರ ಜನರೆದುರು ಮಗ ಸತ್ತ ರಾಜನಾಗಿ ಗೋಳಾಡಿ ಜನರನ್ನು ಅಳಿಸಿದವನು ನಾನು. ಅಲ್ಲಿ ಬಕೆಟ್ಟು ಹಿಡಿದು ಕಂಬದ ಹಾಗೆ ನಿಂತಿದ್ದೆ.

ದನದ ಡಾಕ್ಟರು ಬಂದು ಹಸುವನ್ನು ನೋಡಿದರು, ಮಾಸು ತೆಗೆದರು, ಆಮೇಲೆ ಗೋದಲಿಗೆ ಬಗ್ಗಿ ಒಂದು ಹಿಡಿ ಮೇವು ಮೂಸಿ ಹಿಂದಕ್ಕೆ ಸರಿದರು.

“ಯಾರ್ರೀ ಇದನ್ನ ಪಾಸು ಮಾಡಿದ್ದು?”

ಅತ್ತಿಗೆ ಗೋಡೆ ತೋರಿಸಿದರು. ಡಾಕ್ಟರು ಓದಿ, “ನಾನು ಈಗಲೇ ಆಣೆ ಇಟ್ಟು ಹೇಳಲ್ಲಮ್ಮ. ಕಂದು ಹಾಕೋಕೆ ಬೇರೆ ರೋಗಗಳೂ ಇವೆ, ರಕ್ತ ಕಳಿಸಿ ನೋಡೋಣ. ಆದ್ರೆ ಈ ಮೇವು ಮಾತ್ರ ಇನ್ನು ಬೇಡ. ಇದನ್ನ ತಿಂದು ಗಬ್ಬ ಉಳಿದ್ರೆ ಅದೇ ಆಶ್ಚರ್ಯ” ಎಂದರು. ರಕ್ತದಲ್ಲಿ ಅವರು ಹುಡುಕಿದ ಯಾವ ರೋಗವೂ ಸಿಗಲಿಲ್ಲ. ಉಳಿದದ್ದು ಮೇವೊಂದೇ ಎಂದು ಅವರೇ ಬರೆದುಕೊಟ್ಟರು.

ಅದನ್ನು ಹಿಡಿದು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಮೇವಿನ ಗುಣಮಟ್ಟದ ಬಗ್ಗೆಯೇ ಸಭೆ ಎಂದು ಹೇಳಿದರು. ಆದ್ದರಿಂದ ತಕರಾರಿಲ್ಲ. ಹೊರಗೆ ಬೆಂಚಿನ ಮೇಲೆ ಕೂತೆ. ಎದುರಿಗೆ ಗಾಜಿನ ಕಪಾಟು, ಅದರೊಳಗೆ ಒಂದು ದಪ್ಪ ಭರಣಿ, ಭರಣಿಯ ತುಂಬ ತಿಳಿ ಹಳದಿ ಮೇವು. ‘ಆದರ್ಶ ಮೇವು’ ಎಂದು ಚೀಟಿ. ಎಷ್ಟು ಚಂದ ಬಂದಿದೆ ಎಂದು ಕಪಾಟು ತೆರೆದು ಭರಣಿ ಎತ್ತಿಕೊಂಡು ಮುಚ್ಚಳಕ್ಕೆ ಕೈ ಹಾಕಿದೆ. ಅಷ್ಟಕ್ಕೇ ಮೂಲೆಯ ಮೇಜಿನಿಂದ ನಿಮ್ಮ ಗುಮಾಸ್ತರು ಕುರ್ಚಿ ಉರುಳಿಸಿಕೊಂಡು ಎದ್ದರು.

“ರೀ ರೀ ರೀ! ಮುಚ್ಚಳ ತೆಗೀಬೇಡ್ರಿ!”

“ವಾಸನೆ ನೋಡೋಣ ಅಂತ, ಸ್ವಾಮಿ.”

“ತಲೆ ಇದೆಯೇನ್ರಿ? ಗಾಳಿ ಹೋದ್ರೆ ಕೆಟ್ಟೋಗತ್ತೆ! ಅದಕ್ಕೇ ಮೇಣ ಹಾಕಿ ಮುಚ್ಚಿರೋದು!”

ನಾನು ಭರಣಿಯನ್ನು ಮೆಲ್ಲಗೆ ಅಲ್ಲೇ ಇಟ್ಟು, “ಈ ಮಾತನ್ನ ಒಂದು ತಗಡಿನ ಮೇಲೆ ಬರೆಸಿ ನಮ್ಮ ಗುಂಡಿಗೂ ಹೊಡೆಸ್ತೀರಾ?” ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. “ಅರ್ಜಿ ಕೊಟ್ಟು ಹೋಗಿ” ಎಂದರು. ಮಾನ್ಯ ಮುಖ್ಯಾಧಿಕಾರಿಗಳೇ, ಕೋಲುಸಾಹೇಬರಿಗೆ ಗೊತ್ತಿಲ್ಲದೆ ಆಯಿತು ಎಂದು ಅಲ್ಲಿಯವರೆಗೆ ನಂಬಿದ್ದೆ. ನಿಮಗೆ ಗೊತ್ತಿದೆ! ಗುಮಾಸ್ತರಿಂದ ಹಿಡಿದು ಎಲ್ಲರಿಗೂ ಗೊತ್ತಿದೆ. ನೋಡಲು ಇಟ್ಟ ಮೇವಿಗೆ ಮೇಣ, ತಿನ್ನಲು ಇಟ್ಟ ಮೇವಿಗೆ ತೂತು. ಯಾರೂ ತಿನ್ನದ ಭರಣಿಗೆ ನೀವು ತೋರಿಸುವ ಅಕ್ಕರೆಯಲ್ಲಿ ಕಾಲುಭಾಗ ನಮ್ಮ ಸೊಟ್ಟಕೊಂಬಿಗೆ ಸಿಕ್ಕಿದ್ದರೆ ಅದರ ಮಗ್ಗುಲಲ್ಲಿ ಈಗೊಂದು ಕರು ಇರುತ್ತಿತ್ತು.

ಅರ್ಜಿಗೆ ಉತ್ತರ ಬಂತು, ಬರಲಿಲ್ಲ ಎನ್ನಲಾರೆ. ಅದರ ಪ್ರಕಾರ, ಮಾದರಿ ತೆಗೆದ ದಿನ ಮೇವು ಉತ್ತಮವಾಗಿತ್ತು. ನಂತರ ಕೆಟ್ಟಿದ್ದರೆ ಅದು ಶೇಖರಣೆಯ ದೋಷ, ಅಂದರೆ ನಮ್ಮ ದೋಷ. ಆದರೂ ಕಚೇರಿ ದೊಡ್ಡ ಮನಸ್ಸು ಮಾಡಿ ಮರುಪರೀಕ್ಷೆ ನಡೆಸುತ್ತದೆ. ಅಲ್ಲಿಯವರೆಗೆ ಗುಂಡಿಯನ್ನು ತೆರೆಯಬಾರದು, ಮುಚ್ಚಬಾರದು, ಅದರಿಂದ ಮೇವು ತೆಗೆಯಬಾರದು, ಯಥಾಸ್ಥಿತಿ ಕಾಪಾಡಬೇಕು. ಕೊಳೆಯುತ್ತಿರುವ ವಸ್ತುವಿಗೆ ಯಥಾಸ್ಥಿತಿ! ಹೊತ್ತಿ ಉರಿಯುವ ಮನೆಯೆದುರು ನಿಂತು ‘ಬೆಂಕಿಯೇ, ಪಂಚನಾಮೆ ಆಗುವವರೆಗೆ ಇದ್ದಲ್ಲೇ ಇರು’ ಎಂದು ಆಜ್ಞೆ ಮಾಡಿದ ಹಾಗಾಯಿತು. ನಿಮ್ಮವರು ಬಂದು ಗುಂಡಿಯ ಬಾಯಿಗೆ ಕೆಂಪು ಪಟ್ಟಿ ಕಟ್ಟಿ ಹೋದರು. ಬಾಯಿ ಬಿಚ್ಚಿದ ಗುಂಡಿಯಿಂದ ದಿನಾ ಕಡಿಯುತ್ತಾ ಹೋದರೆ ಮಾತ್ರ ಕೊಳೆತ ಹಿಂದೆ ಬೀಳುತ್ತದೆ. ಕಡಿಯುವುದು ನಿಲ್ಲಿಸಿದರೆ ಅದು ನಮ್ಮನ್ನು ದಾಟಿ ಒಳಗೆ ನುಗ್ಗುತ್ತದೆ. ಇದು ನಿಮ್ಮ ಕಚೇರಿಯೇ ಹಂಚಿದ ಕೈಪಿಡಿಯಲ್ಲಿ, ಚಿತ್ರ ಸಮೇತ ಇದೆ. ಮರುಪರೀಕ್ಷೆ ಯಾವಾಗ ಎಂದು ಫೋನು ಮಾಡಿ ಕೇಳಿದರೆ, “ಕೋಲು ರಿಪೇರಿಗೆ ಹೋಗಿದೆ” ಎನ್ನುತ್ತಾರೆ.

ಈಗ ನಮ್ಮ ಕೊಟ್ಟಿಗೆಯಲ್ಲಿ ಸೊಟ್ಟಕೊಂಬಿಯ ಮಗಳು ಚುಕ್ಕಿ ಇದ್ದಾಳೆ. ಮೊದಲ ಗಬ್ಬ. ಬೇಡಿ ತಂದ ಒಣಹುಲ್ಲು ಜಗಿದು ಜಗಿದು ಅವಳ ಪಕ್ಕೆ ಎಣಿಸುವಂತಾಗಿದೆ. ಹೀಗೇ ಬಿಟ್ಟರೆ ಹೊಟ್ಟೆಯಲ್ಲಿರುವ ಕರುವಿಗೆ ಅವಳು ಏನನ್ನು ಕೊಡಬೇಕು, ನಿಮ್ಮ ವರದಿಯನ್ನೇ? ವಿಚಿತ್ರ ನೋಡಿ: ಗುಂಡಿಯ ಹಿಂಬದಿಯಲ್ಲಿ ಟೈರುಗಳನ್ನು ಎತ್ತರಕ್ಕೆ ಹೇರಿದ್ದರಿಂದ ಸಾಹೇಬರಿಗೆ ಅಲ್ಲಿ ಹತ್ತಲಾಗಲಿಲ್ಲ. ಅಲ್ಲಿ ಬಿಂದುವೂ ಇಲ್ಲ, ತೂತೂ ಇಲ್ಲ. ಹೊದಿಕೆಯ ಮೇಲೆ ಅಂಗೈ ಇಟ್ಟರೆ ಅಲ್ಲಿ ತಣ್ಣಗಿದೆ, ತಗಡುಗಳ ಸುತ್ತ ಜ್ವರ ಬಂದ ಮಗುವಿನ ಹಣೆಯಂತೆ ಸುಡುತ್ತದೆ. ನಿಮ್ಮ ಪರಿವೀಕ್ಷಣೆ ತಲುಪದ ಮೂಲೆಯೊಂದೇ ಇಡೀ ಗುಂಡಿಯಲ್ಲಿ ಆರೋಗ್ಯವಾಗಿರುವುದು. ಆ ಬಿಸಿ ದಿನದಿನಕ್ಕೂ ಅತ್ತ ಸರಿಯುತ್ತಿದೆ. ಇವತ್ತು ಬೆಳಿಗ್ಗೆ ಅತ್ತಿಗೆ ಅಲ್ಲಿ ಅಂಗೈ ಇಟ್ಟು ನೋಡಿ ಬಂದು, “ಇನ್ನು ಕಾದ್ರೆ ಚುಕ್ಕಿಗೂ ಇದೇ ಗತಿ. ನಿನ್ನ ಪತ್ರ ಯಾವ ಅಂಕಕ್ಕೆ ಬಂತಪ್ಪಾ?” ಎಂದರು.

“ಕೊನೇ ಅಂಕ, ಅತ್ತಿಗೆ. ಬೇಡಿಕೆ ಬರೀತಿದ್ದೀನಿ.”

“ಬೇಡಿಕೆ ಬರಿ. ಆದ್ರೆ ಹಸು ಕಾಗದ ತಿನ್ನಲ್ಲ, ನೆನಪಿಟ್ಕೋ.”

ಬೇಡಿಕೆ ಇದು. ಕೋಲು ಚುಚ್ಚಿದ ಕೈಯೇ, ಗುಂಡಿಯಿಂದ ಇಳಿಯುವ ಮೊದಲು, ತೂತು ಮುಚ್ಚಬೇಕು. ಅಂಟು ಸೇರುತ್ತದೆ ಎಂದರೆ ಮುಂದಿನ ಸಲ ಬೇರೆ ಕಡೆ ಚುಚ್ಚಿ, ಮೇವು ಓಡಿಹೋಗುವುದಿಲ್ಲ. ಬೂಟಿಗೆ ಬಡಿದು ಉದುರಿಸುವ ಮೇಲಿನ ಗೇಣನ್ನೂ ಚೀಲಕ್ಕೆ ಹಾಕಿ, ವರದಿಗೆ ಸೇರಿಸಿ, ಏಕೆಂದರೆ ಹಸುವಿನ ಊಟ ಶುರುವಾಗುವುದೇ ಅಲ್ಲಿಂದ. ನಮ್ಮ ಗುಂಡಿಯ ಮೇಲಿನ ಆಜ್ಞೆಯನ್ನು ಈ ಪತ್ರ ಓದಿದ ಕ್ಷಣ ಹಿಂತೆಗೆದುಕೊಳ್ಳಿ. ಮತ್ತೆ, ಈ ಊರಲ್ಲಿ ಇನ್ನೂ ಎಷ್ಟು ಗುಂಡಿಗಳ ಮೇಲೆ ಹಳದಿ ತಗಡುಗಳು ನಿಂತಿವೆಯೋ, ಅಷ್ಟೂ ಮನೆಗೆ ನೀವೇ ಹೋಗಿ, ನಿಮ್ಮದೇ ಬಾಯಲ್ಲಿ ಹೇಳಿ: ಮುಚ್ಚಿ, ಈಗಲೇ ಮುಚ್ಚಿ ಎಂದು. ನಮ್ಮ ಕರುವಿಗಾಗಿ ನಾನು ಏನನ್ನೂ ಕೇಳುತ್ತಿಲ್ಲ. ಅದಕ್ಕೆ ಕೊಡಲು ನಿಮ್ಮ ಹತ್ತಿರ ಏನೂ ಇಲ್ಲ.

ನೀವು ಆಜ್ಞೆ ಹಿಂತೆಗೆದುಕೊಳ್ಳುವುದಿಲ್ಲ ಎಂದು ನನಗೆ ಗೊತ್ತು. ಆದ್ದರಿಂದ ಮಹಾಜನರೇ, ನೀವು ಸಾಕ್ಷಿ. ನಾಳೆ ಬೆಳಿಗ್ಗೆ ಹಾಲು ಕರೆದು ಮುಗಿದ ಮೇಲೆ ನಾನೂ ಅತ್ತಿಗೆಯೂ ಗುಂಡಿಯ ಹಿಂಬದಿಗೆ ಹೋಗುತ್ತೇವೆ. ಟೈರು ಇಳಿಸುತ್ತೇವೆ. ಹಳದಿ ತಗಡುಗಳನ್ನೆಲ್ಲ ಕಿತ್ತು, ತೂತುಗಳನ್ನೆಲ್ಲ ಟೇಪಿನಿಂದ ಮುಚ್ಚುತ್ತೇವೆ. ಕೆಂಪು ಪಟ್ಟಿ ಕತ್ತರಿಸಿ ಬಾಯಿಯ ಕೊಳೆತವನ್ನು ಬಾಚಿ ತಿಪ್ಪೆಗೆ ಹಾಕಿ, ಬಾಯನ್ನೂ ಮುಚ್ಚುತ್ತೇವೆ. ಆಮೇಲೆ ಹಿಂಬದಿಯಿಂದ ತಣ್ಣನೆಯ, ಹಳದಿ ಬಣ್ಣದ ಮೇವನ್ನು ಒಂದು ಬುಟ್ಟಿ ಕಡಿದು, ಒಂದೊಂದು ಹಿಡಿಯನ್ನೂ ಮೂಗಿಗೆ ಹಿಡಿದು ನೋಡಿ, ಡಾಕ್ಟರಿಗೂ ತೋರಿಸಿ, ಚುಕ್ಕಿಯ ಮುಂದೆ ಇಡುತ್ತೇವೆ. ಅಪರಾಧವಾದರೆ ಹಿಡಿಯಲು ಬನ್ನಿ. ಬರುವಾಗ ಕೋಲು ತರಬೇಡಿ.

ಇಂತಿ,
ನಿಮ್ಮ ವರದಿಯ ಪ್ರಕಾರ ಯಾವ ತೊಂದರೆಯೂ ಆಗದಿರುವ,
ಸೊಟ್ಟಕೊಂಬಿಯ ಮನೆಯವನು